ಖಂಡೆಪ್ಪನ ಎಡಗಡೆ ಸೀಟು

ಇಂಡಿ ಊರಿನ ನಮ್ಮ ಓಣಿಯಲ್ಲಿ ಗಾಡಿ ಓಡಿಸಲು ಬಾರದ ಗಂಡಸು ಹುಡುಕಿದರೂ ಸಿಗುವುದಿಲ್ಲ. ಲೈಸೆನ್ಸ್ ಇರುವ ಗಂಡಸೂ ಹುಡುಕಿದರೆ ಸಿಗುವುದಿಲ್ಲ. ಹುಡುಗರು ಮೀಸೆ ಮೂಡುವ ಮೊದಲೇ ಟ್ರ್ಯಾಕ್ಟರ್ ಹತ್ತಿ ಲಿಂಬೆ ತೋಟಕ್ಕೆ ಗೊಬ್ಬರ ಹಾಕಿ ಬಂದಿರುತ್ತಾರೆ. ಅಂಥವರನ್ನು ಲೈಸೆನ್ಸ್ ಕೇಳಿದರೆ, ಈಸಲು ಬರುವವನಿಗೆ ಕಾಗದ ಯಾತಕ್ಕೆ ಎಂದು ನಮ್ಮನ್ನೇ ತಿರುಗಿ ಕೇಳುತ್ತಾರೆ. ಈ ಎರಡೂ ನಿಯಮಗಳಿಗೆ ಒಬ್ಬನೇ ಅಪವಾದವಾಗಿದ್ದ, ಅವನೇ ಖಂಡೆಪ್ಪ. ಅವನಿಗೆ ಲೈಸೆನ್ಸ್ ಇತ್ತು, ಗಾಡಿ ಓಡಿಸಲು ಬರುತ್ತಿರಲಿಲ್ಲ. ಮೊದಲನೆಯ ಸಂಗತಿ ಓಣಿಗೆಲ್ಲ ಗೊತ್ತಿತ್ತು. ಎರಡನೆಯದು ಅವನಿಗೆ ಮತ್ತು ನನಗೆ ಮಾತ್ರ ಗೊತ್ತಿತ್ತು.

ಖಂಡೆಪ್ಪನದು ಕುಶನ್ ಅಂಗಡಿ. ಕಾರು, ಜೀಪು, ಟಂಟಂಗಳ ಸೀಟಿಗೆ ಕವರ್ ಹೊಲಿಯುವುದು ಅವನ ಕಸುಬು. ನನ್ನ ಕಿರಾಣಿ ಅಂಗಡಿ ಅವನ ಎದುರಿಗೇ ಇರುವುದರಿಂದ ಅವನ ಮಷೀನಿನ ಸೂಜಿ ಮುರಿದರೂ ನನಗೆ ತಿಳಿಯುತ್ತದೆ. ಅಂಗಡಿಯ ಹಿಂದೆ ಒಂದು ಖೋಲಿ. ಅದರಲ್ಲಿ ಒಂದು ಕಾಟು, ಒಂದು ತಾಟು, ಒಂದು ಚರಿಗೆ. ಮದುವೆಯಿಲ್ಲ. ಊಟ ಲಕ್ಕವ್ವನ ಖಾನಾವಳಿಯಲ್ಲಿ. ಅಲ್ಲಿಯೂ ಗೋಡೆಗೆ ಮುಖ ಮಾಡಿ ಕೂರುತ್ತಾನೆ. ಯಾಕಪ್ಪ ಎಂದು ನಾನೊಮ್ಮೆ ಕೇಳಿದ್ದಕ್ಕೆ, “ಗ್ವಾಡಿ ಇದ್ರ ಎದುರಿನ ಕುರ್ಚಿ ಖಾಲಿ ಐತಿ ಅಂತ ಅನಸೂದಿಲ್ಲರಿ” ಎಂದಿದ್ದ.

ಲೈಸೆನ್ಸ್ ಬಂದದ್ದೂ ಮದುವೆಯ ಸಲುವಾಗಿಯೇ. ಹರೆಯದಲ್ಲಿ ಮುದ್ದೇಬಿಹಾಳಕ್ಕೆ ಒಂದು ಕನ್ಯೆ ನೋಡಲು ಹೋದಾಗ ಕನ್ಯೆಯ ಸೋದರಮಾವ, “ಹುಡುಗ್ಗ ಕಾರ್ ಹೊಡಿಯಾಕ ಬರ್ತೈತೇನ್ರಿ?” ಎಂದು ಕೇಳಿದನಂತೆ. ಆ ಮನೆಯಲ್ಲಿ ಕಾರಿರಲಿಲ್ಲ, ಈ ಮನೆಯಲ್ಲೂ ಇರಲಿಲ್ಲ. ಆದರೂ ಕೇಳಿದ ಮೇಲೆ ಉತ್ತರ ಕೊಡಬೇಕಲ್ಲ. ಖಂಡೆಪ್ಪ, “ಹೌದ್ರಿ, ಲೈಸೆನ್ಸ್ ಐತ್ರಿ” ಎಂದುಬಿಟ್ಟ. ಆಡಿದ ಮಾತನ್ನು ಖರೆ ಮಾಡಲು ಬಿಜಾಪುರಕ್ಕೆ ಹೋಗಿ ಒಂದು ಡ್ರೈವಿಂಗ್ ಸ್ಕೂಲ್ ಸೇರಿದ.

ಅಲ್ಲಿ ಕಲಿಸುತ್ತಿದ್ದ ಮೋದಿನಸಾಬ ಬಹಳ ಮರ್ಯಾದಸ್ಥ. ಸ್ಕೂಲಿನ ಕಾರಿನಲ್ಲಿ ಕಲಿಸುವವನ ಕಾಲ ಬುಡದಲ್ಲೂ ಕ್ಲಚ್ಚು ಬ್ರೇಕುಗಳಿರುತ್ತವೆ. ಶಿಷ್ಯನ ಕಾಲು ತಡಕಾಡುವುದನ್ನು ನೋಡಲಾರದೆ ಮೋದಿನಸಾಬ, “ನೀವು ಆರಾಮ ಕುಂಡರ್ರಿ ಖಂಡೆಪ್ಪನವರ, ಸ್ಟೇರಿಂಗ್ ಹಿಡಕೊಂಡ್ರ ಸಾಕು, ಕೆಳಗಿಂದೆಲ್ಲ ನಾ ನೋಡ್ಕೋತೇನಿ” ಎನ್ನುತ್ತಿದ್ದ. ಟೆಸ್ಟಿನ ದಿನವೂ ಅದೇ ಕಾರು, ಪಕ್ಕದಲ್ಲಿ ಅದೇ ಮೋದಿನಸಾಬ. ಖಂಡೆಪ್ಪ ಪಾಸಾದ, ಸರಿಯಾಗಿ ಹೇಳಬೇಕೆಂದರೆ ಮೋದಿನಸಾಬ ಎರಡನೆಯ ಸಲ ಪಾಸಾದ. ಆ ಲೈಸೆನ್ಸ್ ಹಿಡಿದು ಮುದ್ದೇಬಿಹಾಳಕ್ಕೆ ಹೋಗುವಷ್ಟರಲ್ಲಿ ಕನ್ಯೆಗೆ ಬಸವನ ಬಾಗೇವಾಡಿಯ ವರ ಗೊತ್ತಾಗಿದ್ದ. ಕನ್ಯೆ ಹೋಯಿತು, ಲೈಸೆನ್ಸ್ ಉಳಿಯಿತು. ಅದಕ್ಕೆ ದಪ್ಪ ಪ್ಲಾಸ್ಟಿಕ್ ಹೊದಿಸಿ ಎದೆಯ ಜೇಬಿನಲ್ಲಿಟ್ಟುಕೊಂಡ. ಇದನ್ನೆಲ್ಲ ಅವನು ನನಗೆ ಹೇಳಿದ್ದು ಒಂದು ನಾಗರ ಪಂಚಮಿಯ ದಿನ, ನಮ್ಮ ಮನೆಯ ಉಂಡಿ ಒಯ್ದು ಕೊಟ್ಟಾಗ. ನಾನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಕಿರಾಣಿ ಅಂಗಡಿಯವನಿಗೆ ಇದು ಸಣ್ಣ ತಪಸ್ಸಲ್ಲ.

ಹೀಗಿರುವಾಗ ಕಳೆದ ವರ್ಷ ಪೊಲೀಸರಿಗೆ ಏನು ಹುಕಿ ಬಂತೋ, ಸಿಂದಗಿ ರಸ್ತೆಗೆ ಅಡ್ಡ ನಿಂತು ಎಲ್ಲರ ಲೈಸೆನ್ಸ್ ಕೇಳತೊಡಗಿದರು. ಓಣಿಯ ಹುಡುಗರೆಲ್ಲ ಗಾಬರಿಯಾಗಿ ಎಲ್‌ಎಲ್‌ಆರ್ ಮಾಡಿಸಿದರು. ಲಿಂಬೆ ವ್ಯಾಪಾರದವರ ಮಗ ಸಂಗಮೇಶ ಅಪ್ಪನ ಕಾರಿಗೆ ಕೆಂಪು ಬಣ್ಣದಲ್ಲಿ ಎಲ್ ಬರೆಸಿ ಠೀವಿಯಿಂದ ಹೊರಟವನು ಓಣಿಯ ಬಾಯಲ್ಲೇ ಸಿಕ್ಕಿಬಿದ್ದ.

“ಬೋರ್ಡ್ ಐತಿ, ಎಲ್‌ಎಲ್‌ಆರ್ ಐತಿ. ಬಾಜೂಕ ಯಾರದಾರ?” ಎಂದ ಪೊಲೀಸಿನವ.

“ಯಾರೂ ಇಲ್ಲರಿ ಸಾಹೇಬ್ರ.”

“ಕಲಿಯಾವ್ರ ಬಾಜೂಕ ಲೈಸೆನ್ಸ್ ಇದ್ದಾವ್ರು ಕುಂಡ್ರಬೇಕು. ಕಾನೂನ ಐತಿ. ಯಾರರ ಇದ್ರ ಕರಿ, ಇಲ್ಲಂದ್ರ ಗಾಡಿ ಠಾಣೇಕ ಹೊಡಿ.”

ಲೈಸೆನ್ಸ್ ಇಲ್ಲದವನು ಗಾಡಿಯನ್ನು ಠಾಣೆಗೆ ಓಡಿಸಬಹುದೇ ಎಂದು ಕೇಳುವ ಧೈರ್ಯ ಸಂಗಮೇಶನಿಗೆ ಇರಲಿಲ್ಲ. ಅವನು ಸುತ್ತ ನೋಡಿದ. ಸ್ಕೂಟರಿನ ಸೀಟೊಂದನ್ನು ಬಗಲಲ್ಲಿ ಹಿಡಿದು ಖಂಡೆಪ್ಪ ಅದೇ ದಾರಿಯಲ್ಲಿ ಬರುತ್ತಿದ್ದ. “ಖಂಡೆಪ್ಪಕಾಕಾ, ನಿಮ್ಮ ಕಡಿ ಲೈಸೆನ್ಸ್ ಐತೆಲ್ಲ?” ಎಂದು ಹುಡುಗ ಕೂಗಿದ. ಖಂಡೆಪ್ಪ ಸೀಟನ್ನು ಕೆಳಗಿಟ್ಟು, ಜೇಬಿಗೆ ಕೈ ಹಾಕಿ, ಬಹಳ ವರ್ಷ ಯಾರೂ ಕೇಳದ ವಸ್ತುವನ್ನು ತೆಗೆದು ಕೊಟ್ಟ. ಪ್ಲಾಸ್ಟಿಕ್ಕು ಹಳದಿಯಾಗಿ ಒಳಗಿನ ಅಕ್ಷರ ಯಾವುದೂ ಕಾಣುತ್ತಿರಲಿಲ್ಲ. ಫೋಟೋ ಮಾತ್ರ ಕಾಣುತ್ತಿತ್ತು. ಅದರಲ್ಲಿ ತಲೆ ತುಂಬ ಕೂದಲಿತ್ತು. ಪೊಲೀಸಿನವ ಫೋಟೋವನ್ನೂ ಖಂಡೆಪ್ಪನ ಬೋಳು ತಲೆಯನ್ನೂ ನೋಡಿ, “ಇವ್ರು ನೀವ ಏನ್ರಿ?” ಎಂದ.

“ಆವಾಗ ನಾನ ಇದ್ನಿರಿ,” ಎಂದ ಖಂಡೆಪ್ಪ.

ಪೊಲೀಸಿನವನಿಗೆ ನಗು ತಡೆಯಲಿಲ್ಲ. “ಕುಂಡರ್ರಿ, ಹೋಗ್ರಿ” ಎಂದ. ಖಂಡೆಪ್ಪ ಸ್ಕೂಟರಿನ ಸೀಟನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನ ಎಡಗಡೆ ಸೀಟಿನಲ್ಲಿ ಕೂತ. ಆ ಸಂಜೆ ನನ್ನ ಅಂಗಡಿಗೆ ಬಂದು ಒಂದಿಷ್ಟು ಬೆಲ್ಲ ಕಟ್ಟಿಸಿದ. ಅವನಿಗೆ ಬೆಲ್ಲದ ಕೆಲಸವೇ ಇರಲಿಲ್ಲ; ಯಾರಿಗಾದರೂ ಹೇಳಬೇಕಿತ್ತು. “ಲಚ್ಯಾಣ ಮಟಾ ಹೋಗಿ ಬಂದ್ವಿ ನೋಡ್ರಿ” ಎಂದ. ಹೋದೆ, ಬಂದೆ, ಉಂಡೆ ಎಂದಷ್ಟೇ ಹೇಳುವವನ ಬಾಯಲ್ಲಿ ಬಂದ್ವಿ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಮರುದಿನದಿಂದ ಕುಶನ್ ಅಂಗಡಿಯ ಮುಂದೆ ಎಲ್ ಬೋರ್ಡಿನ ಗಾಡಿಗಳು ಸಾಲುಗಟ್ಟಿದವು. ಓಣಿಯ ಏಕೈಕ ಲೈಸೆನ್ಸುದಾರನಿಗೆ ಬಂದ ಬೇಡಿಕೆ ಲಗ್ನದ ಹಂಗಾಮಿನ ಭಟ್ಟರಿಗೂ ಬಂದಿರಲಿಕ್ಕಿಲ್ಲ. ಒಬ್ಬರ ಮನೆಯಲ್ಲಿ ಬೆಳಗಿನ ಉಪ್ಪಿಟ್ಟು, ಇನ್ನೊಬ್ಬರ ಮನೆಯಲ್ಲಿ ರಾತ್ರಿಯ ಝುಣಕದ ವಡಿ. “ಖಂಡೆಪ್ಪ ಊಟಕ್ಕ ಬರೂದ ಬಿಟ್ಟಾನ, ಯಾರ್ ಮಾಟಾ ಮಾಡ್ಸ್ಯಾರೋ” ಎಂದು ಲಕ್ಕವ್ವ ನನ್ನ ಮುಂದೆ ತಕರಾರು ಮಾಡಿದಳು.

ಗುರುವಾಗಿ ಖಂಡೆಪ್ಪ ಮೂರೇ ಮಾತು ಬಳಸುತ್ತಿದ್ದ: ಹೂಂ, ಸಾವಕಾಶ, ಮುಂದ ನೋಡು. ಟ್ರ್ಯಾಕ್ಟರಿಗೆ ಒಗ್ಗಿದ ಹುಡುಗನ ಕೈಯಲ್ಲಿ ಕಾರು ನಡುದಾರಿಯಲ್ಲಿ ಬಂದ್ ಆಗಿ, ಅವನು ಬೆವರುತ್ತ, “ಕಾಕಾ, ಈಗ ಏನ್ ಮಾಡ್ಲಿ?” ಎಂದರೆ, ಏನು ಮಾಡಬೇಕೆಂದು ತನಗೂ ಗೊತ್ತಿಲ್ಲದ ಖಂಡೆಪ್ಪ ಬಹಳ ಗಂಭೀರವಾಗಿ, “ನೀನ ವಿಚಾರ ಮಾಡು” ಎನ್ನುತ್ತಿದ್ದ. ಹುಡುಗ ವಿಚಾರ ಮಾಡುತ್ತಿದ್ದ, ಗಾಡಿ ಚಾಲೂ ಆಗುತ್ತಿತ್ತು. ದೊಡ್ಡ ಡ್ರೈವರ್ ಬಾಯಿ ಬಡಿದುಕೊಳ್ಳುವುದಿಲ್ಲ ಎಂದು ಅಪ್ಪಂದಿರು ಕಟ್ಟೆಯ ಮೇಲೆ ಕೂತು ತೀರ್ಮಾನಿಸಿದರು. ಖಂಡೆಪ್ಪ ಮೊದಲು ಮಿಲಿಟರಿ ಟ್ರಕ್ ಓಡಿಸುತ್ತಿದ್ದ ಎಂಬ ಸುದ್ದಿಯೂ ಹುಟ್ಟಿತು. ಅವನು ಅದನ್ನು ಹೌದೆನ್ನಲಿಲ್ಲ, ಅಲ್ಲ ಎನ್ನುವುದಕ್ಕೂ ಮನಸ್ಸು ಬರಲಿಲ್ಲ.

ಆದರೆ ಈ ಗುರುಪದವಿಯಲ್ಲಿ ಒಂದು ದೊಡ್ಡ ಐಬಿತ್ತು. ಶಿಷ್ಯರು ಪಾಸಾಗುತ್ತಿದ್ದರು. ಬ್ರೇಕ್ ಇನ್‌ಸ್ಪೆಕ್ಟರ್ ಸಾಹೇಬರು ಆಗಾಗ ಬಂದು ಕ್ಯಾಂಪ್ ಮಾಡಿ ಟೆಸ್ಟ್ ತೆಗೆದುಕೊಂಡಾಗಲೆಲ್ಲ ನಮ್ಮ ಓಣಿಯ ಒಂದಿಬ್ಬರು ಪಾಸಾಗಿ, ಖಂಡೆಪ್ಪನಿಗೆ ಪೇಢೆ ಕೊಟ್ಟು, ಕಾರ್ಡು ಬಂದ ಮರುದಿನದಿಂದ ಒಬ್ಬರೇ ಗಾಡಿ ಓಡಿಸಿಕೊಂಡು ಹೋಗತೊಡಗಿದರು. ಅಂಗಡಿಯ ಮುಂದೆ ಹಾಯುವಾಗ ಪ್ರೀತಿಯಿಂದ ಹಾರ್ನ್ ಹೊಡೆಯುತ್ತಿದ್ದರು. ಹಾರ್ನಿಗೆ ಬಾಯಿಂದ ಉತ್ತರ ಕೊಡಲಾಗುವುದಿಲ್ಲ. ಖಂಡೆಪ್ಪ ಮಷೀನು ನಿಲ್ಲಿಸಿ ಕೈ ಎತ್ತುವಷ್ಟರಲ್ಲಿ ಗಾಡಿ ತಿರುವು ದಾಟಿರುತ್ತಿತ್ತು. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅವನು ಬೋಳು ತಲೆ ಸವರಿಕೊಳ್ಳುತ್ತಿದ್ದ.

ಹೀಗೆ ಎಲ್ಲರೂ ಪಾಸಾಗಿ ಉಳಿದದ್ದು ಸುಮಂಗಲಾ ಒಬ್ಬಳು. ಅವಳು ಪಕ್ಕದ ಓಣಿಯ ಧರ್ಮರಾಜ ಮಾಸ್ತರರ ಮಗಳು, ಡಿಗ್ರಿ ಓದುತ್ತಿದ್ದಳು. ಮಾಸ್ತರರು ಲೆಕ್ಕ ಕಲಿಸುವವರು. ದೇವರು, ದೆವ್ವ, ಪಂಚಾಂಗ ಯಾವುದನ್ನೂ ನಂಬುವುದಿಲ್ಲ, ಆದರೆ ಖಂಡೆಪ್ಪನನ್ನು ನಂಬಿದ್ದರು. ಕಾರು ಕೊಂಡದ್ದು ಅವರೇ, ಕಲಿಯುವ ಧೈರ್ಯ ಮಾತ್ರ ಅವರಿಗೆ ಬಂದಿರಲಿಲ್ಲ. ಸುಮಂಗಲಾ ರಸ್ತೆಯಲ್ಲಿ ಚೆನ್ನಾಗಿಯೇ ಓಡಿಸುತ್ತಿದ್ದಳು. ಸಾಹೇಬರ ಮುಖ ಕಂಡೊಡನೆ ಅವಳು ಒಮ್ಮೆಲೇ ಕ್ಲಚ್ಚು ಬಿಟ್ಟು ಗಾಡಿ ಬಂದ್ ಆಗುತ್ತಿತ್ತು. ಒಂದು ಸಲ ನಪಾಸು, ಮತ್ತೊಂದು ಸಲವೂ ನಪಾಸು.

ಅವಳ ನಪಾಸಿಗೆ ಖಂಡೆಪ್ಪ ಎಲ್ಲರ ಎದುರು ಚ್ಚು ಚ್ಚು ಎಂದು ಮರುಗಿದ. ಮರುದಿನ ಸಂಜೆ ಅವಳ ಜೊತೆ ಹಲಸಂಗಿಯ ದಾರಿಗೆ ಹೊರಡುವಾಗ ಹೊಸ ಅಂಗಿ ಹಾಕಿಕೊಂಡಿದ್ದ. ಅವರ ಕಾರಿನ ಎಡಗಡೆ ಸೀಟಿಗೆ ತಾನೇ ಒಂದು ಕವರ್ ಹೊಲಿದು, ಬೆನ್ನಿಗೆ ಮೆತ್ತಗಿರಲೆಂದು ಹತ್ತಿ ತುಂಬಿದ್ದ. ಹೋಗುತ್ತ ಬರುತ್ತ ಆ ಹುಡುಗಿ ಕಾಲೇಜಿನ ಸುದ್ದಿ ಹೇಳುತ್ತಿದ್ದಳು, ಇವನು ಹೂಂ ಎನ್ನುತ್ತಿದ್ದ. ಆ ಹೂಂ ಗುರುವಿನ ಹೂಂ ಆಗಿರಲಿಲ್ಲ, ಕೇಳುವವನ ಹೂಂ ಆಗಿತ್ತು. ಇಷ್ಟು ಮಾತು ತನ್ನ ಜೀವಮಾನದಲ್ಲಿ ಯಾರೂ ತನ್ನ ಹತ್ತಿರ ಆಡಿಲ್ಲ ಎಂದು ನನ್ನ ಮುಂದೆ ಹೇಳಿದ.

ಅಷ್ಟರಲ್ಲಿ ಧರ್ಮರಾಜ ಮಾಸ್ತರರು ಫರ್ಮಾನು ಹೊರಡಿಸಿದರು. “ಈ ಸಲ ನಪಾಸಾದ್ರ ಕಾರ್ ಮಾರಿ ಬಿಡ್ತೇನಿ. ಬರೇ ಕಲಿಯೂದ್ರಾಗ ಪೆಟ್ರೋಲ್ ಖರ್ಚಾಗಾಕತ್ತೈತಿ.” ಖಂಡೆಪ್ಪನ ಮುಖ ಸಣ್ಣದಾಯಿತು. ಅವಳು ಪಾಸಾದರೆ ಎಡಗಡೆ ಸೀಟು ಹೋಗುತ್ತಿತ್ತು, ನಪಾಸಾದರೆ ಕಾರೇ ಹೋಗುತ್ತಿತ್ತು. ರಾತ್ರಿಯೆಲ್ಲ ಯೋಚಿಸಿ, ಹುಡುಗಿ ಪಾಸಾಗಲಿ ಎಂದು ನಿರ್ಧರಿಸಿದ.

ಆ ಸಲದ ಕ್ಯಾಂಪು ಸಿಂದಗಿಯಲ್ಲಿತ್ತು. ಹೊರಡುವ ಹೊತ್ತಿಗೆ ಖಂಡೆಪ್ಪ ನಾಲ್ಕು ಗಾಲಿಗಳ ಕೆಳಗೆ ನಾಲ್ಕು ಲಿಂಬೆಹಣ್ಣು ಇಟ್ಟ. ಹೊಸ ಗಾಡಿಗೆ ಹೀಗೆ ಮಾಡುವುದು ನಮ್ಮ ಕಡೆಯ ರೂಢಿ. ಮಾಸ್ತರರು ನಾಲ್ಕನ್ನೂ ಆರಿಸಿ ಅಡಿಗೆಮನೆಗೆ ಕಳಿಸಿದರು. “ಲಿಂಬಿಹಣ್ಣ ಶರಬತ್ತಿಗೆ ಇರ್ತಾವ ಖಂಡೆಪ್ಪ, ಟೈರಿಗಲ್ಲ.” ಸುಮಂಗಲಾ ಓಡಿಸಿದಳು, ಎಡಗಡೆ ಖಂಡೆಪ್ಪ ಕೂತ. ಹಿಂದೆ ಮಾಸ್ತರರು, ನಾನು, ಮತ್ತು ಮಜಾ ನೋಡಲು ಬಂದ ಸಂಗಮೇಶ.

ಇನ್‌ಸ್ಪೆಕ್ಟರ್ ಸಾಹೇಬರು ಮೈಸೂರಿನ ಕಡೆಯವರು. ಮೈದಾನದಲ್ಲಿ ಕಂಬ ನೆಟ್ಟು, ಛತ್ರಿಯ ಕೆಳಗೆ ಟೇಬಲ್ ಹಾಕಿ ಕೂತಿದ್ದರು. ಸುಮಂಗಲಾ ಗಾಡಿ ಹತ್ತುವ ಮುನ್ನ ಖಂಡೆಪ್ಪ ಅವಳ ಹತ್ತಿರ ಹೋಗಿ, “ತಂಗಿ, ಸಾಹೇಬ್ರ ಮಾರಿ ನೋಡಬ್ಯಾಡ. ಬಾಜೂಕ ನಾ ಕುಂತೇನಿ ಅಂತ ತಿಳಕೊ” ಎಂದ. ಅವಳು ಹಾಗೆಯೇ ತಿಳಿದುಕೊಂಡಳು. ಕಂಬಗಳ ಸುತ್ತ ಎಂಟರ ಅಂಕಿ ಹಾಕಿದಳು, ಹಿಂದಕ್ಕೆ ತಂದಳು, ಒಂದು ಕಂಬವೂ ಅಲುಗಲಿಲ್ಲ. ಸಾಹೇಬರು ಪಾಸೆಂದು ಹೇಳಿ, ಸಹಿ ಮಾಡಲು ಅವಳನ್ನು ಟೇಬಲಿನ ಹತ್ತಿರ ಕರೆದರು. ಮಾಸ್ತರರು ಕರವಸ್ತ್ರದಿಂದ ಕಣ್ಣು ಒರೆಸಿಕೊಂಡು, ಧೂಳು ಬಿತ್ತು ಎಂದರು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಕಾರು ಇನ್ನೂ ಕಂಬಗಳ ನಡುವೆಯೇ ನಿಂತಿತ್ತು, ಮುಂದಿನ ಸರದಿಯವರು ಹಿಂದೆ ಕಾಯುತ್ತಿದ್ದರು.

“ಈ ಹುಡುಗಿ ಜೊತೆ ಬಂದ ಲೈಸೆನ್ಸ್ ಇರೋರು ಯಾರ್ರೀ? ಗಾಡಿ ತೆಗೀರಿ, ಜನ ಕಾಯ್ತಿದ್ದಾರೆ,” ಎಂದರು ಸಾಹೇಬರು.

ಸಂಗಮೇಶ ಬಹಳ ಹೆಮ್ಮೆಯಿಂದ ಖಂಡೆಪ್ಪನ ಕಡೆ ಬೊಟ್ಟು ಮಾಡಿ, “ಇವ್ರರಿ ಸಾಹೇಬ್ರ. ಮಿಲಿಟರಿ ಟ್ರಕ್ ಹೊಡದಾರ” ಎಂದ.

ಖಂಡೆಪ್ಪ ನನ್ನನ್ನು ನೋಡಿದ. ನಾನು ಆಕಾಶ ನೋಡಿದೆ. ಅವನು ಕಾರಿನ ಸುತ್ತ ಒಂದು ಸುತ್ತು ಬಂದು, ಟೈರುಗಳನ್ನು ಒದ್ದು ನೋಡಿ, ಕಡೆಗೆ ಹೇಳಿದ: “ತಗೀತೇನ್ರಿ ಸಾಹೇಬ್ರ. ಆದ್ರ ಲಿಂಬಿಹಣ್ಣ ಬೇಕ್ರಿ.”

“ಏನಕ್ಕೆ?”

“ಗಾಲಿ ಕೆಳಗ ಇಡಾಕ್ರಿ. ಪಾಸಾದ ಗಾಡೀನ ಲಿಂಬಿಹಣ್ಣ ಇಲ್ದ ಮೈದಾನದಿಂದ ಹೊರಗ ತಗಿಯೂದು ನಮ್ಮ ಕಡಿ ರೂಢಿ ಇಲ್ರಿ.”

ಅಂಥ ರೂಢಿ ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ. ಆದರೆ ಮೊಮ್ಮಗನ ಟೆಸ್ಟಿಗೆ ಬಂದಿದ್ದ ಕನ್ನೊಳ್ಳಿಯ ಹಿರಿಯರೊಬ್ಬರು ತಲೆದೂಗಿ, “ಖರೆ ಐತ್ರಿ. ನಮ್ಮ ಮುತ್ಯಾನ ಕಾಲದಿಂದ ನಡದು ಬಂದೈತಿ” ಎಂದರು. ಅವರ ಮುತ್ಯಾನ ಕಾಲದಲ್ಲಿ ಟೆಸ್ಟೂ ಇರಲಿಲ್ಲ, ಕಾರೂ ಇರಲಿಲ್ಲ. ಈ ಮಾತು ಕೇಳಿದ್ದೇ ತಡ, ಆಗಲೇ ಪಾಸಾಗಿ ಗಾಡಿ ತೆಗೆದವರು ತಾವು ಲಿಂಬೆ ಇಡಲಿಲ್ಲವಲ್ಲ ಎಂದು ಮರಳಿ ಬಂದರು. ನಪಾಸಾದವರು, ಇದನ್ನು ಮೊದಲೇ ಹೇಳಿದ್ದರೆ ಪಾಸಾಗುತ್ತಿದ್ದೆವು ಎಂದು ಜಗಳಕ್ಕೆ ನಿಂತರು. ಯಾರೋ ಮೋಟರ್‌ಸೈಕಲ್ ಹತ್ತಿ ಸಂತೆಗೆ ಓಡಿದರು. ಸಾಹೇಬರು ತಲೆಯ ಮೇಲೆ ಕೈ ಹೊತ್ತು ಕೂತರು. ಸಿಂದಗಿಯಲ್ಲಿ ಈಗಲೂ ಪಾಸಾದವರು ಲಿಂಬೆ ಇಟ್ಟೇ ಗಾಡಿ ತೆಗೆಯುತ್ತಾರೆಂದು ಕೇಳಿದ್ದೇನೆ. ಒಂದು ಸಂಪ್ರದಾಯ ಹುಟ್ಟುವುದನ್ನು ಕಣ್ಣಾರೆ ಕಂಡವರು ಕಡಿಮೆ, ನಾನು ಕಂಡಿದ್ದೇನೆ.

ಲಿಂಬೆಹಣ್ಣು ಬಂತು, ಗಾಲಿಯ ಕೆಳಗೆ ಇಟ್ಟದ್ದೂ ಆಯಿತು. ಇನ್ನು ನೆಪ ಉಳಿದಿರಲಿಲ್ಲ. ಖಂಡೆಪ್ಪ ಬಲಗಡೆಯ ಬಾಗಿಲು ತೆಗೆದು ಸ್ಟೇರಿಂಗಿನ ಮುಂದೆ ಕೂತ. ಎರಡೂ ಕೈಯಲ್ಲಿ ಅದನ್ನು ಸರಿಯಾಗಿಯೇ ಹಿಡಿದ. ಅಷ್ಟು ಅವನಿಗೆ ಬರುತ್ತಿತ್ತು. ಆಮೇಲೆ ಅಭ್ಯಾಸಬಲದಿಂದ ಎಡಗಡೆ ನೋಡಿದ. ಅಲ್ಲಿ ಮೋದಿನಸಾಬ ಇರಲಿಲ್ಲ. ಯಾರೂ ಇರಲಿಲ್ಲ.

ಕೀಲಿ ತಿರುಗಿಸಿದ. ಕಾಲಿಗೆ ಸಿಕ್ಕದ್ದನ್ನೇ ಒತ್ತಿದ್ದರಿಂದ ಗೇರಿನಲ್ಲಿದ್ದ ಗಾಡಿ ಕೆಮ್ಮಿ ಒಮ್ಮೆಲೇ ನೆಗೆಯಿತು. ಲಿಂಬೆಗಳು ಪಚಕ್ಕೆಂದವು, ಕಂಬಗಳು ಸಾಲಾಗಿ ಉರುಳಿದವು, ಸಾಹೇಬರು ಕುರ್ಚಿ ಬಿಟ್ಟು ಎದ್ದು ಓಡಿದರು. ಟೇಬಲಿನ ಮೇಲಿದ್ದ ನೀರಿನ ಕೊಡ ಉರುಳಿ, ಛತ್ರಿ ಕಾರಿನ ಮೇಲೆ ಕವುಚಿ ಬಿದ್ದಾಗ ಗಾಡಿ ತಾನಾಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಛತ್ರಿಯ ಕೆಳಗಿನಿಂದ ಖಂಡೆಪ್ಪ ಬೆವರಿನಲ್ಲಿ ತೊಯ್ದು ಇಳಿದ. ಮೈದಾನವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

“ಲೈಸೆನ್ಸ್ ಕೊಡಿ ಇಲ್ಲಿ,” ಎಂದರು ಸಾಹೇಬರು. ಅವರು ಪೊಲೀಸಿನವನ ಹಾಗೆ ಫೋಟೋ ನೋಡುವವರಾಗಿರಲಿಲ್ಲ. ಹಳದಿ ಪ್ಲಾಸ್ಟಿಕ್ಕನ್ನು ಬ್ಲೇಡಿನಿಂದ ಸೀಳಿ, ಒಳಗಿನದನ್ನು ಕಣ್ಣಿಗೆ ಹಿಡಿದು ಓದಿದರು. “ಇದರ ಅವಧಿ ಮುಗಿದು ವರ್ಷದ ಮೇಲಾಯ್ತಲ್ರೀ. ಇನ್ನು ಇದನ್ನ ರಿನ್ಯೂ ಮಾಡೋಕೂ ಆಗಲ್ಲ. ನೀವು ಮೊದಲಿಂದ ಎಲ್‌ಎಲ್‌ಆರ್ ಮಾಡಿಸಿ, ಟೆಸ್ಟ್ ಕೊಡಬೇಕು.”

ಅಂದರೆ ಲೈಸೆನ್ಸ್ ಇಲ್ಲದ ಇಡೀ ಓಣಿಯ ಮಕ್ಕಳು ಲೈಸೆನ್ಸ್ ಇಲ್ಲದವನನ್ನು ಪಕ್ಕಕ್ಕೆ ಕೂರಿಸಿಕೊಂಡು, ಕಾನೂನು ಪಾಲಿಸಿದೆವು ಎಂಬ ನೆಮ್ಮದಿಯಿಂದ ತಾಲ್ಲೂಕೆಲ್ಲ ತಿರುಗಿದ್ದರು. ಸಾಹೇಬರಿಗೆ ಇದನ್ನು ಯಾರೂ ಬಿಡಿಸಿ ಹೇಳಲಿಲ್ಲ. ಸುಮಂಗಲಾಳ ಕಾರ್ಡು ಟಪಾಲಿನಲ್ಲಿ ಬರುವ ತನಕ ಅವಳ ಪಕ್ಕಕ್ಕೂ ಒಬ್ಬರು ಬೇಕಿದ್ದರಿಂದ, ಮರಳಿ ಹೊರಟಾಗ ಆಗಲೇ ಲೈಸೆನ್ಸ್ ಪಡೆದಿದ್ದ ಸಂಗಮೇಶ ಎಡಗಡೆ ಸೀಟಿಗೆ ಹತ್ತಿದ. ಖಂಡೆಪ್ಪ ಹಿಂದೆ, ನನಗೂ ಮಾಸ್ತರರಿಗೂ ನಡುವೆ, ಮೊಣಕಾಲು ಮಡಚಿ ಕೂತ. ಇಂಡಿ ಹತ್ತಿರ ಬಂದಾಗ ಮಾಸ್ತರರು ಕಿಟಕಿಯ ಹೊರಗೆ ನೋಡುತ್ತಲೇ, “ನಿನ್ನ ಮ್ಯಾಲ ಭರೋಸಾ ಇಟ್ಟು ಮಗಳನ್ನ ಕಳಸ್ತಿದ್ನಿ ಖಂಡೆಪ್ಪ” ಎಂದರು.

“ಹೌದ್ರಿ ಮಾಸ್ತರ,” ಎಂದ ಖಂಡೆಪ್ಪ. ತಾನೇ ಹೊಲಿದ ಎಡಗಡೆ ಸೀಟಿನ ಹಿಂಬದಿಯಲ್ಲಿ ಒಂದು ದಾರ ಎದ್ದಿತ್ತು. ಅದನ್ನು ಮೆಲ್ಲಗೆ ಒಳಗೆ ತುರುಕಿದ.

ಮುಂದಿನ ದಿನಗಳನ್ನು ಹೇಳುವುದೇ ಬೇಡ. ಓಣಿಯ ಮಂದಿ ಅವನಿಗೆ ಮಿಲಿಟರಿ ಎಂದು ಹೆಸರಿಟ್ಟರು. ಅಂಗಡಿಗೆ ಸೀಟು ತಂದವರೂ, “ಮಿಲಿಟರಿ, ಇದರಾಗ ಕುಂತ್ರ ಗಾಡಿ ಹಾರೂದಿಲ್ಲಲ?” ಎಂದು ಕೇಳಿ ನಕ್ಕರು. ಉಪ್ಪಿಟ್ಟು ನಿಂತಿತು, ಝುಣಕದ ವಡಿ ನಿಂತಿತು, ಹಾರ್ನ್ ಕೂಡ ನಿಂತಿತು. ಲಕ್ಕವ್ವ ಎಣ್ಣೆ ತೆಗೆದುಕೊಳ್ಳಲು ಬಂದವಳು, “ಖಂಡೆಪ್ಪ ಮತ್ತ ಬರಾಕತ್ತಾನರಿ. ಗ್ವಾಡಿ ಕಡಿ ಮಾರಿ ಮಾಡಿ ಕುಂಡ್ರತಾನ. ಎರಡ ರೊಟ್ಟಿ ತಿನ್ನಾಂವ ಒಂದ ತಿಂತಾನ” ಎಂದಳು. ಒಂಟಿ ಮನುಷ್ಯನಿಗೆ ಒಮ್ಮೆ ಜನರ ರುಚಿ ತೋರಿಸಿ ಕಸಿದುಕೊಳ್ಳಬಾರದು. ಮೊದಲಿನ ಒಂಟಿತನ ಅವನಿಗೆ ಒಗ್ಗಿತ್ತು, ಇದು ಒಗ್ಗಲಿಲ್ಲ.

ಒಂದು ಸಂಜೆ ಧರ್ಮರಾಜ ಮಾಸ್ತರರ ಕಾರು ಕುಶನ್ ಅಂಗಡಿಯ ಮುಂದೆ ಬಂದು ನಿಂತಿತು. ಸುಮಂಗಲಾ ಹಾರ್ನ್ ಹೊಡೆದಳು. ಖಂಡೆಪ್ಪ ಹೊರಗೆ ಬಂದು, ಕೈ ಒರೆಸಿಕೊಂಡು, ರೂಢಿಯಂತೆ ಎಡಗಡೆಯ ಬಾಗಿಲಿಗೆ ಕೈ ಹಾಕಿದ. ಅಷ್ಟರಲ್ಲಿ ಅವಳು ಬಲಗಡೆಯಿಂದ ಸರಿದು ಆ ಸೀಟಿನಲ್ಲಿ ಕೂತಾಗಿತ್ತು.

“ಇಲ್ಲಿ ನಾ ಕುಂತೇನಿ ಕಾಕಾ. ನೀವು ಆ ಕಡಿ ಬರ್ರಿ. ನನ್ನ ಲೈಸೆನ್ಸ್ ಬಂದೈತಿ.”

“ಮಾಸ್ತರ ಏನಂತಾರವಾ?”

“ನೀ ಪಾಸಾಗೂ ಮಟಾ ಅವ ಕುಂತಾನ, ಅವ ಪಾಸಾಗೂ ಮಟಾ ನೀ ಕುಂಡ್ರು ಅಂದಾರ. ಲೆಕ್ಕಾ ಸರಿ ಆಕ್ಕೈತಂತ.”

ಖಂಡೆಪ್ಪ ಎಲ್‌ಎಲ್‌ಆರ್ ಮಾಡಿಸಿದ. ಅಂಗಡಿಯ ರೆಕ್ಸಿನ್ನಿನಿಂದಲೇ ಕೆಂಪು ಎಲ್ ಕತ್ತರಿಸಿ ಕಾರಿಗೆ ಹಚ್ಚಿದ. ಮೊದಮೊದಲು ಗಾಡಿ ಕುಂಟಿತು, ಎಮ್ಮೆಗಳು ದಾರಿ ಬಿಟ್ಟವು, ಓಣಿ ನಕ್ಕಿತು. ಅವನು ಹಟ ಬಿಡಲಿಲ್ಲ. ಒಂದು ದಿನ ಎದುರಿನಿಂದ ಸಂಗಮೇಶ ಕಾರಿನಲ್ಲಿ ಬಂದು ಹಳೆಯ ಪ್ರೀತಿಗೆ ಹಾರ್ನ್ ಹೊಡೆದ. ಖಂಡೆಪ್ಪ ತಾನೂ ಹಾರ್ನ್ ಹೊಡೆದ. ಸಂತೋಷಕ್ಕೆ ಓಣಿ ದಾಟುವ ತನಕ ಅದರ ಮೇಲಿಂದ ಕೈ ತೆಗೆಯಲಿಲ್ಲ.

ಕಲಿತದ್ದೇನೋ ಕಲಿತ, ಪಾಸು ಮಾತ್ರ ಆಗಲಿಲ್ಲ. ಪ್ರತಿ ಕ್ಯಾಂಪಿಗೂ ಹೋಗುತ್ತಾನೆ, ನಪಾಸಾಗಿ ಬರುತ್ತಾನೆ. “ದನಕ್ಕ ಕಲಿಸಿದ್ರ ಇಷ್ಟೊತ್ತಿಗೆ ಪಾಸಾಗತಿತ್ತು” ಎಂದು ಓಣಿ ಆಡಿಕೊಂಡಿತು. ಮಾಸ್ತರರಿಗೂ ಬೇಸರ ಬಂತು. ಕಡೆಗೆ ಮೊನ್ನೆಯ ಕ್ಯಾಂಪು ನಮ್ಮೂರಲ್ಲೇ ಇದ್ದುದರಿಂದ, ಇವನು ತಪ್ಪುವುದೆಲ್ಲಿ ಎಂದು ನೋಡಲು ನಾನೇ ಅಂಗಡಿ ಮುಚ್ಚಿ ಹಿಂದಿನ ಸೀಟಿನಲ್ಲಿ ಕೂತು ಹೋದೆ.

ಬೆಳಿಗ್ಗೆ ಮಾರುಕಟ್ಟೆಯ ಖಾಲಿ ಬಯಲಿನಲ್ಲಿ ಅಭ್ಯಾಸಕ್ಕೆಂದು ಅವನು ಹಾಕಿದ ಎಂಟು ನೋಡಿ ನಾನು ದಂಗಾದೆ. ಸೀಟಿಗೆ ಹೊಲಿಗೆ ಹಾಕುವಷ್ಟು ನೇರ, ಅಷ್ಟೇ ಸಾವಕಾಶ. ಕ್ಯಾಂಪಿನಲ್ಲೂ ಹಾಗೆಯೇ ಬಂದ. ತಿರುವು ಸರಿ, ಹಿಂದಕ್ಕೆ ತಂದದ್ದು ಸರಿ. ಎಲ್ಲ ಮುಗಿದು ಕೊನೆಯ ಕಂಬ ದಾಟಬೇಕು, ಅಷ್ಟೇ. ಆಗ ಖಂಡೆಪ್ಪ ಎಡಗಡೆಯ ಖಾಲಿ ಸೀಟನ್ನು ಒಮ್ಮೆ ನೋಡಿದ್ದು ದೂರದಿಂದಲೇ ನನಗೆ ಕಂಡಿತು. ಗಾಡಿ ಮೆತ್ತಗೆ, ಬಹಳ ಮರ್ಯಾದೆಯಿಂದ, ಹೋಗಿ ಕಂಬಕ್ಕೆ ತಾಗಿತು.

“ಏನ್ರೀ, ಪ್ರತಿ ಸಲ ಇಷ್ಟು ಚೆನ್ನಾಗಿ ಬಂದು ಕಡೇ ಕಂಬಕ್ಕೇ ಹೊಡೀತೀರಲ್ಲ?” ಎಂದರು ಅದೇ ಸಾಹೇಬರು. ಅವರಿಗೆ ನಿಜವಾಗಿಯೂ ಬೇಸರವಾಗಿತ್ತು.

“ಕಣ್ಣ ಮಂಜ ಆಗ್ಯಾವ್ರಿ ಸಾಹೇಬ್ರ,” ಎಂದ ಖಂಡೆಪ್ಪ. ದೀಪ ಹಚ್ಚದೆ ಮುಸ್ಸಂಜೆಯಲ್ಲಿ ಸೂಜಿಗೆ ದಾರ ಪೋಣಿಸುವ ಮನುಷ್ಯನ ಮಾತು ಇದು. ನನ್ನ ಪಕ್ಕ ನಿಂತಿದ್ದ ಸುಮಂಗಲಾ ಹೋಗಿ ಎಡಗಡೆ ಸೀಟಿನಲ್ಲಿ ಕೂತಳು. ಅವಳಿಗೂ ಅಂದೇ ಗೊತ್ತಾಯಿತೋ, ಮೊದಲೇ ಗೊತ್ತಿತ್ತೋ ತಿಳಿಯದು.

ಮರಳಿ ಬರುವಾಗ ಖಂಡೆಪ್ಪನೇ ಓಡಿಸುತ್ತಿದ್ದ, ಎಡಗಡೆ ಸುಮಂಗಲಾ, ಹಿಂದೆ ನಾನು. ನಪಾಸಾದವನ ಮುಖದಲ್ಲಿ ಇರಬಾರದಷ್ಟು ಗೆಲುವಿತ್ತು. ಸಿಂದಗಿ ರಸ್ತೆ ಕೂಡುವಲ್ಲಿಗೆ ಬಂದಾಗ ಅವಳು ಮುಂದೆ ನೋಡುತ್ತಲೇ ಹೇಳಿದಳು:

“ಕಾಕಾ, ಲೈಸೆನ್ಸ್ ಬಂದ್ರ ಬಾಜೂಕ ಯಾರೂ ಕುಂಡ್ರಬಾರ್ದು ಅಂತ ಕಾನೂನಿನಾಗ ಎಲ್ಲೂ ಇಲ್ಲ.”

ಗಾಡಿ ಒಮ್ಮೆ ಕುಲುಕಿ ನಡುರಸ್ತೆಯಲ್ಲಿ ಬಂದ್ ಆಯಿತು. ಈ ಸಲ ಬೇಕೆಂದು ಮಾಡಿದ್ದಲ್ಲ, ಕಾಲು ಜಾರಿತ್ತು. ಹಿಂದೆ ಟಂಟಂಗಳು ನಿಂತು ಹಾರ್ನ್ ಹೊಡೆಯತೊಡಗಿದವು. ಖಂಡೆಪ್ಪನ ಕಿವಿ ಕೆಂಪಾಗಿತ್ತು.

“ಈಗ ಏನ್ ಮಾಡ್ಲಿ ತಂಗಿ?” ಎಂದ.

“ನೀವ ವಿಚಾರ ಮಾಡ್ರಿ,” ಎಂದಳು ಅವಳು.

ಅವನು ಬಹಳ ಹೊತ್ತು ವಿಚಾರ ಮಾಡಿದ. ಹಿಂದಿನವರು ಬೈದರು, ನಾವಿಬ್ಬರೂ ಅವಸರ ಮಾಡಲಿಲ್ಲ. ಆಮೇಲೆ ಎಡಗಡೆ ಒಮ್ಮೆ ನೋಡಿದ. ಅಲ್ಲಿ ಸುಮಂಗಲಾ ಇದ್ದಳು. ಖಂಡೆಪ್ಪ ಕ್ಲಚ್ಚು ಒತ್ತಿ ಕೀಲಿ ತಿರುಗಿಸಿದ.